ರನ್‌ವೇ ಮೇಲಿನ ಹುರುಳಿಯನ್ನು ತುಳಿಯದೆ ಹೋದ ವಿಮಾನದ ಕುರಿತು

ಕುಮಾರಿ ಸ್ವಪ್ನ, ಕಲಿಕೆಯ ಪೈಲಟ್,
ನನ್ನಿವಾಳದಾಚೆಯ ವಿಮಾನ ತರಬೇತಿ ಶಾಲೆ, ಚಳ್ಳಕೆರೆ ತಾಲ್ಲೂಕು, ಇವರ ದಿವ್ಯ ಸಮ್ಮುಖಕ್ಕೆ.

ಮಾನ್ಯರೇ,

ಆಕಾಶದಲ್ಲಿ ಓಡಾಡುವ ತಮಗೆ ನೆಲದ ಮೇಲಿರುವ ನನ್ನ ಸವಿನಯ ನಮಸ್ಕಾರಗಳು. ತಾವೂ, ತಮ್ಮ ಎರಡು ಸೀಟಿನ ವಿಮಾನವೂ, ಕೆಳಗೆ ನಿಂತು ತಮಗೆ ಪಾಠ ಹೇಳುವ ಮೇಷ್ಟ್ರು ಸೋಮಶೇಖರಪ್ಪನವರೂ ಕ್ಷೇಮವೆಂದು ನಂಬಿ, ಹೆಂಗಸರ ಸಂಘದ ಅರ್ಜಿಗಳನ್ನೆಲ್ಲ ಬರೆದು ಕೈ ಪಳಗಿರುವ ನಾನು, ಕಳೆದ ಸೋಮವಾರ ತಮ್ಮಿಂದ ನಮಗಾದ ಅನ್ಯಾಯವನ್ನು ಊರಿಗೆಲ್ಲ ತಿಳಿಯುವಂತೆ ಬರೆಯುತ್ತಿದ್ದೇನೆ.

ಕಿತ್ತ ಹುರುಳಿಯನ್ನು ಡಾಂಬರು ರಸ್ತೆಗೆ ಹರವುವುದು, ಹೋಗಿಬರುವ ಗಾಡಿಗಳು ಅದನ್ನು ತುಳಿದು ಪುಕ್ಕಟೆ ಒಕ್ಕಿಕೊಡುವುದು ನಮ್ಮ ಕಡೆಯ ಪದ್ಧತಿಯೆಂಬುದು ಇದೇ ತಾಲ್ಲೂಕಿನವರಾದ ತಮಗೆ ತಿಳಿಯದ್ದಲ್ಲ. ತಮ್ಮ ರನ್‌ವೇಯಲ್ಲೋ ಗುಂಡಿಯಿಲ್ಲ, ತಿರುವಿಲ್ಲ, ಉಬ್ಬಿಲ್ಲ. ತಾವು ಹಾರಿದ್ದನ್ನು ಕಂಡು, ಬಳ್ಳಾರಿಯವರೆಗಾದರೂ ಹೋಗಿಬರುತ್ತೀರೆಂದು ಲೆಕ್ಕ ಹಾಕಿ, ನಾನೂ ನನ್ನ ಅತ್ತೆ ಹುಚ್ಚಕ್ಕನೂ ಬೇಲಿಯ ಸಂದಿಯಲ್ಲಿ ನುಗ್ಗಿ ನಮ್ಮ ಹುರುಳಿಯನ್ನು ಅಲ್ಲಿ ಹರವಿದೆವು. ತಮ್ಮದೂ ಮೂರು ಚಕ್ರದ ಗಾಡಿಯೇ ಅಲ್ಲವೇ, ಇಳಿಯುವಾಗ ಒಮ್ಮೆ ತುಳಿದುಕೊಂಡು ಹೋಗುತ್ತೀರೆಂದು ನಂಬಿದ್ದೆವು.

ತಾವು ಮಾಡಿದ್ದೇನು? ಚಕ್ರ ಇನ್ನೇನು ಹುರುಳಿಗೆ ತಾಗಬೇಕು ಅನ್ನುವಾಗ ಅಬ್ಬರಿಸಿ ಮತ್ತೆ ಮೇಲಕ್ಕೆದ್ದಿರಿ. ಆ ಗಾಳಿಗೆ ನಮ್ಮ ಹುರುಳಿಯೂ ಎದ್ದು ಹಾರಿತು; ಒಕ್ಕುವ ಮೊದಲೇ ತೂರಿಕೊಟ್ಟ ತಮ್ಮ ಉಪಕಾರಕ್ಕೆ ಕೃತಜ್ಞಳು. ಅರ್ಧ ಬೆಳೆ ಈಗಲೂ ಜಾಲಿ ಗಿಡದಲ್ಲಿದೆ. ಅಷ್ಟರಲ್ಲಿ ಓಡಿಬಂದ ಮೇಷ್ಟ್ರು, “ತೆಗೀರವ್ವ, ಬಳ್ಳಿ ಚಕ್ರಕ್ಕೆ ಸುತ್ತಿಕೊಂಡ್ರೆ ಪಲ್ಟಿ ಆಗ್ತೈತೆ, ಹುಡುಗಿ ಇವತ್ತೇ ಮೊದಲು ಒಬ್ಬಳೇ ಹೋಗಿರೋದು” ಎಂದರು. ಅದನ್ನು ನಾನು ಅತ್ತೆಯ ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ. ಅತ್ತೆ ಸೆರಗು ಬಿಗಿದು, “ಹುರುಳಿ ಹಾಳಾಗ್ಲಿ ಬಿಡೇ, ಆ ಕೂಸು ಇಳೀಲಿ” ಎಂದು ಬಾಚತೊಡಗಿದರು. ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ತುಂಬಿಸಿಕೊಂಡೇ ಹೊರಡುವ ದುಂದುಗಾರಿಕೆ ತಮ್ಮದಾದ್ದರಿಂದ, ನಾವು ಬಾಚಿ ಮುಗಿಸುವವರೆಗೂ ತಾವು ಮೇಲೆ ಸುತ್ತುತ್ತಲೇ ಇದ್ದಿರಿ.

ಇಳಿದ ಮೇಲೂ ಬೈಯಲಿಲ್ಲ. ನೇರ ನಮ್ಮ ಬಳಿ ಬಂದು, “ಇಳಿಯಾಕೆ ಸರಿ ಕಾಣ್ಲಿಲ್ಲ ಅಂದ್ರೆ ಇಳೀಬಾರ್ದು ಅಕ್ಕ, ಇನ್ನೊಂದು ಸುತ್ತು ಹಾಕ್ಬೇಕು, ಅಷ್ಟೇ ನಮಗೆ ಹೇಳ್ಕೊಟ್ಟಿರೋದು” ಎಂದಿರಿ.

ನನ್ನ ದೂರು ಇರುವುದೇ ಇಲ್ಲಿ. ಹೋದ ವರ್ಷ ಹೆದ್ದಾರಿಯಲ್ಲಿ ನನ್ನ ಯಜಮಾನರು ಕ್ಯಾತಪ್ಪ ಬಳ್ಳಿ ತಿರುವಿ ಹಾಕುತ್ತಿದ್ದಾಗ ಲಾರಿಯೊಂದು ಬಂತು. ಪಕ್ಕದಲ್ಲಿ ಜಾಗವಿತ್ತು, ಲಾರಿಗೆ ಬ್ರೇಕೂ ಇತ್ತು. ಮಹನೀಯರು ಹಾರ್ನ್ ಹೊಡೆದು ಬಂದೇಬಿಟ್ಟರು. ನಮ್ಮ ಯಜಮಾನರ ಬಲಗಾಲಿಗೆ ಈಗ ಚಪ್ಪಲಿ ಹಿಡಿಸುವುದಿಲ್ಲ. ರನ್‌ವೇಗೆ ನಾವು ಬಂದದ್ದು ಆ ಹೆದರಿಕೆಗೇ. ನಮ್ಮನ್ನು ಕಂಡು ದಾರಿ ಬಿಟ್ಟ ವಾಹನವನ್ನು ನಾನು ನೋಡಿದ್ದು ತಮ್ಮದೊಂದನ್ನೇ.

ಆದಕಾರಣ ತಾವು ಕೂಡಲೇ ಆಕಾಶಕ್ಕೆ ರಾಜೀನಾಮೆ ಕೊಟ್ಟು ನಾಯಕನಹಟ್ಟಿ ಬಸ್ಸಿನ ಚಾಲಕಿಯಾಗಿ ಬರಬೇಕೆಂದೂ, ದಿನಾ ವಿಮಾನವನ್ನು ಸುತ್ತಿ ಚಕ್ರ ಮುಟ್ಟಿ, ಎಣ್ಣೆಯನ್ನು ಲೋಟದಲ್ಲಿ ಹಿಡಿದು ನೀರು ಬೆರೆತಿದೆಯೇ ಎಂದು ನೋಡುವ ತಮ್ಮ ಗೀಳನ್ನು ತಾಲ್ಲೂಕಿನ ಸಮಸ್ತ ಚಾಲಕರಿಗೆ ಅಂಟಿಸಬೇಕೆಂದೂ, ಅದಾಗದಿದ್ದರೆ ಲಾರಿಗಳಿಗೆ ರೆಕ್ಕೆ ಕಟ್ಟಿಸಿಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ಜಾಗರೂಕತೆಯಿಂದ ಬೆಳೆ ಕಳೆದುಕೊಂಡ,
ತಮ್ಮ ವಿಶ್ವಾಸಿ,
ಗೀತಮ್ಮ

ತಾ.ಕ.: ತಮ್ಮ ಶಾಲೆಯವರು ನಿನ್ನೆ ಬೇಲಿ ಮುಚ್ಚಿ ಗೇಟಿಗೆ ಬೀಗ ಜಡಿದರು. ತಮ್ಮ ಸುರಕ್ಷತೆ ಪೂರ್ತಿಯಾಯಿತೆಂದು ಸಂತೋಷ. ಉಳಿದ ಹುರುಳಿಯನ್ನು ನಾಳೆ ಹೆದ್ದಾರಿಗೇ ಹರವುತ್ತೇವೆ. ಯಜಮಾನರಿಗೆ ನಿಲ್ಲಲಾಗದ್ದರಿಂದ ಬಳ್ಳಿ ತಿರುವುವವರು ನಮ್ಮ ಅತ್ತೆ. ಅವರಿಗೆ ಕಿವಿ ಮಂದ, ಹಾರ್ನ್ ಕೇಳಿಸುವುದಿಲ್ಲ. ಲಾರಿಯವರಿಗೆ ಇದನ್ನು ತಿಳಿಸೋಣವೆಂದರೆ ಅವರಲ್ಲಿ ಯಾರೂ ನಿಂತು ಕೇಳುವವರಲ್ಲ, ಅದಕ್ಕೇ ತಮಗೆ ಬರೆದೆ.