ಒಂಬತ್ತು ರೆಕ್ಕೆಯ ಫ್ಯಾನಿನ ಪರವಾಗಿ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತು. ನಮ್ಮ ಪಿಕಪ್ ಗಾಡಿಯ ಎಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಮುಳ್ಳು ಮೊದಲ ಸಲ ಕೆಂಪು ಗೆರೆ ಮುಟ್ಟಿದ್ದು ಆಗ. ಅಂದಿನಿಂದ ನಾನು ರಸ್ತೆ ನೋಡಿದ್ದು ಕಡಿಮೆ, ಮುಳ್ಳು ನೋಡಿದ್ದೇ ಹೆಚ್ಚು. ದೇವರು ಮನುಷ್ಯನ ಹಣೆಯ ಮೇಲೆ ಇಂಥದೊಂದು ಮುಳ್ಳು ಕೂರಿಸಿದ್ದರೆ ಯಾವ ಗಂಡ ಹೆಂಡತಿಯೂ ನೆಮ್ಮದಿಯಾಗಿ ಊಟ ಮಾಡುತ್ತಿರಲಿಲ್ಲ. ಗಾಡಿ ಮಾಡಿದವರಿಗೆ ಆ ಕರುಣೆ ಇಲ್ಲ. ಮುಳ್ಳನ್ನು ಸ್ಟೇರಿಂಗಿನ ಹಿಂದೆಯೇ ಇಟ್ಟು, ಮೇಲೆ ದೀಪ ಬೇರೆ ಹಚ್ಚಿದ್ದಾರೆ.

ವಾರದಲ್ಲಿ ಆರು ದಿನ ನಾನು ಪುಣೆ ಹತ್ತಿರದ ಚಾಕಣದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಅಳೆಯುವ ಕೆಲಸ ಮಾಡುತ್ತೇನೆ. ಅಳೆ, ಬರೆ, ಮತ್ತೆ ಅಳೆ. ಏಳನೆಯ ದಿನ ಶಕೂ ಅಕ್ಕನ ಅಡುಗೆಮನೆಯನ್ನು ಎಳೆಯುತ್ತೇನೆ. ಇದು ಮಾತಿನ ಅಲಂಕಾರವಲ್ಲ. ನಮ್ಮಕ್ಕನ ಅಡುಗೆಮನೆಗೆ ಎರಡು ಗಾಲಿಗಳಿವೆ. ಹಂಚು, ಒಲೆ, ಜೋಳದ ಹಿಟ್ಟಿನ ಚೀಲ, ನೀರಿನ ಟ್ಯಾಂಕು ಎಲ್ಲ ಸೇರಿಸಿ ಅದನ್ನು ಪಿಕಪ್ಪಿನ ಬೆನ್ನಿಗೆ ಸಿಕ್ಕಿಸಿಕೊಂಡು, ಪುಣೆಯ ಸುತ್ತ ಎಲ್ಲಿ ನಮ್ಮ ಕಡೆಯವರ ಮದುವೆಯೋ ನಾಮಕರಣವೋ ಇದ್ದರೆ ಅಲ್ಲಿಗೆ ಹೋಗುತ್ತೇವೆ. ಅಕ್ಕ ಬಿಸಿ ಬಿಸಿ ರೊಟ್ಟಿ ಬಡಿದು ಬಡಿಸುತ್ತಾಳೆ. ನಾನು ನೀರು ಹೊರುತ್ತೇನೆ.

ಆ ಮಾರ್ಚ್ ಭಾನುವಾರ ಕಾತ್ರಜ್ ಘಾಟಿನ ಏರಿನಲ್ಲಿ ಗಾಡಿ ಕುದಿಯಿತು. ರಸ್ತೆಬದಿಗೆ ನಿಲ್ಲಿಸಿ, ಆರಿಸಿ, ನೀರು ಹಾಕಿ ಮುಂದೆ ಹೋಗುವಷ್ಟರಲ್ಲಿ ನಾಮಕರಣಕ್ಕೆ ಬಂದವರೆಲ್ಲ ವಡಾಪಾವ್ ತರಿಸಿ ತಿಂದು ಹೊರಟಿದ್ದರು. ಮಗು ಕೂಡ ಮಲಗಿತ್ತು. ಮನೆಯವರು ಬೈಯಲಿಲ್ಲ. ಅದೇ ಅಕ್ಕನಿಗೆ ಹೆಚ್ಚು ತಾಗಿತು. ವಾಪಸು ಬರುವಾಗ ಅವಳು ಹೇಳಿದ್ದು ಒಂದೇ ಮಾತು: "ಇನ್ನೊಮ್ಮೆ ಹಿಂಗಾತಂದ್ರ ಈ ಟ್ರೇಲರ್ ಮಾರಿ ಮತ್ತ ಕ್ಯಾಂಟೀನಿಗೆ ಹೋಗ್ತೀನಿ, ಗುರ್ಯಾ." ಅಕ್ಕ ಮೊದಲು ದುಡಿಯುತ್ತಿದ್ದ ಕ್ಯಾಂಟೀನಿನಲ್ಲಿ ಉಪ್ಪು ಎಷ್ಟು ಹಾಕಬೇಕೆಂಬುದನ್ನೂ ಮೇಲ್ವಿಚಾರಕನೇ ನಿರ್ಧರಿಸುತ್ತಿದ್ದ. ಅಲ್ಲಿಗೆ ವಾಪಸು ಹೋಗುವುದೆಂದರೆ ಅವಳಿಗೆ ಏನೆಂದು ನನಗೆ ಗೊತ್ತು. ಮುಂದಿನ ದೊಡ್ಡ ಕೆಲಸ ಏಪ್ರಿಲ್ ಕೊನೆಯ ಭಾನುವಾರ, ಭೋರ್‌ನಲ್ಲಿ ಒಂದು ಬೆಳಗಾವಿ ಕಡೆಯವರ ಮದುವೆ. ಅದೇ ಏರು, ಇನ್ನೂ ಹೆಚ್ಚು ಬಿಸಿಲು.

ನಾನು ಪದ್ಧತಿಯ ಪ್ರಕಾರ ಯೋಚಿಸಿದೆ. ಟ್ರೇಲರ್ ಬರುವ ಮೊದಲು ಗಾಡಿ ಕಾಯುತ್ತಿರಲಿಲ್ಲ. ಟ್ರೇಲರ್ ಬಂದ ಮೇಲೆ ಕಾಯುತ್ತಿದೆ. ಆದ್ದರಿಂದ ಭಾರವೇ ಕಾರಣ. ಭಾರ ಇಳಿಸುವಂತಿಲ್ಲ, ಆದ್ದರಿಂದ ಗಾಳಿ ಹೆಚ್ಚಿಸಬೇಕು. ಪಿಂಪ್ರಿಯ ಮೆಕ್ಯಾನಿಕ್ ಶಿಂದೆ ಮಾಮಾನಿಗೆ ಈ ತರ್ಕ ಭಾಳ ಹಿಡಿಸಿತು. ರೇಡಿಯೇಟರಿನ ಹಿಂದಿದ್ದ ಹಳೆಯ ಫ್ಯಾನನ್ನು ಬಿಚ್ಚಿ, ಭಾರ ಎಳೆಯುವ ಗಾಡಿಗಳಿಗೆಂದೇ ಬರುವ ಒಂಬತ್ತು ರೆಕ್ಕೆಯ ದೊಡ್ಡ ಫ್ಯಾನ್ ಕೂರಿಸಿದ. ಕೆಲಸಕ್ಕೆ ಅಡ್ಡ ಬಂತೆಂದು ಗಾಡಿಯ ಮುಂದಿನ ಜಾಲರಿಗೆ ಕಟ್ಟಿದ್ದ ಅಕ್ಕನ ಬೋರ್ಡನ್ನು ಬಿಚ್ಚಿಟ್ಟಿದ್ದ. ಮುಗಿದ ಮೇಲೆ ಒರೆಸಿ, ಕಣ್ಣಿಗೊತ್ತಿಕೊಂಡು, ಮೊದಲಿಗಿಂತ ಬಿಗಿಯಾಗಿ ತಂತಿ ಸುತ್ತಿ ಕಟ್ಟಿದ. ಬೋರ್ಡಿನ ಮೇಲೆ 'ಶಕೂ ಅಕ್ಕನ ರೊಟ್ಟಿ ಊಟ' ಎಂಬ ಅಕ್ಷರದ ಪಕ್ಕದಲ್ಲಿ ಯಲ್ಲಮ್ಮನ ಚಿತ್ರವಿದೆ. ಟ್ರೇಲರ್ ತಂದ ದಿನವೇ ಪೂಜೆ ಮಾಡಿ ನಾನೇ ಕಟ್ಟಿದ್ದು. ಟ್ರೇಲರಿನ ಪಕ್ಕದ ಹಲಗೆಗಳು ತೆರೆದು ಮೇಲೆ ಹೋಗುತ್ತವೆ, ಅಲ್ಲಿ ಜಾಗವಿಲ್ಲ. ಬೆನ್ನಿಗೆ ಕಟ್ಟೋಣವೆಂದರೆ ಅಕ್ಕ ಒಪ್ಪಲಿಲ್ಲ. "ದೇವೀನ ಯಾರರ ಹಿಂದ ಕುಂಡಸ್ತಾರೇನೋ?" ಅಂದಿದ್ದಳು.

ಹೊಸ ಫ್ಯಾನ್ ಸದ್ದು ಮಾಡುತ್ತಿದ್ದ ರೀತಿಗೆ ಲೋಹಗಾಂವ್ ನಿಲ್ದಾಣದ ವಿಮಾನವೊಂದು ದಾರಿ ತಪ್ಪಿ ನಮ್ಮ ಗಲ್ಲಿಗೆ ಬಂದಂತಿತ್ತು. ನನಗೆ ಧೈರ್ಯ ಬಂತು. ಇಷ್ಟು ಗದ್ದಲ ಮಾಡುವ ವಸ್ತು ಕೆಲಸ ಮಾಡದೆ ಇರಲಾರದು ಎಂಬ ನಂಬಿಕೆ ನನಗೆ ಕಾರ್ಖಾನೆಯ ಮೀಟಿಂಗುಗಳನ್ನು ನೋಡಿದ ಮೇಲೂ ಹೋಗಿಲ್ಲ.

ಮದುವೆಯ ದಿನ ಏರಿನ ಅರ್ಧದಲ್ಲಿ ಮುಳ್ಳು ಮತ್ತೆ ಮೇಲೇಳತೊಡಗಿತು. ನಾನು ಒಂದು ಕೈಯಲ್ಲಿ ಪೆನ್ನು ಹುಡುಕಿದೆ.

"ಗಾಡಿ ನಡಸ್ತೀಯೋ, ಲೆಕ್ಕಾ ಬರೀತೀಯೋ?" ಎಂದಳು ಅಕ್ಕ.

"ಮುಳ್ಳು ಏರಾಕತ್ತೇತಿ ಅಕ್ಕಾ."

"ಅದು ನಂಗೂ ಕಾಣತದ. ಆ ಮಾಮಾ ಏನೋ ಹೀಟರ್ ಅಂದಿದ್ನಲ್ಲ, ಅದನ್ನರ ಹಚ್ಚು."

ಶಿಂದೆ ಮಾಮಾ ಹೊರಡುವಾಗ ಹೇಳಿದ್ದ ಕೊನೆಯ ಉಪಾಯ ಅದು. ಎಂಜಿನ್ನಿನ ಬಿಸಿನೀರು ಕ್ಯಾಬಿನ್ನಿನ ಹೀಟರಿನೊಳಗೂ ಹರಿಯುತ್ತದೆ. ಹೀಟರ್ ಪೂರ್ತಿ ತಿರುಗಿಸಿದರೆ ಎಂಜಿನ್ನಿನ ಕಾವಿನಲ್ಲಿ ಒಂದು ಪಾಲು ನಮ್ಮ ಮೈಗೆ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ, ಕಿಟಕಿ ತೆರೆದು, ಹೀಟರ್ ಹಚ್ಚಿಕೊಂಡು ನಾವು ಕಾತ್ರಜ್ ಏರಿದೆವು. ನನ್ನ ಅಂಗಿ ಬೆನ್ನಿಗೆ ಅಂಟಿತು. ಅಕ್ಕ ಸೆರಗು ಹಿಂಡಿದಳು. "ಹಂಚಿನ ಮುಂದ ಕುಂತಾಗೂ ಹಿಂಗ ಬೆವತಿಲ್ಲೋ. ನಿನ್ನ ಒಂಬತ್ತು ರೆಕ್ಕಿ ಏನ್ ಮಾಡಾಕತ್ತಾವು, ಗಾಳೀ ಬೀಸಾಕತ್ತಾವೋ ಭಜನೀ ಮಾಡಾಕತ್ತಾವೋ?" ಮುಳ್ಳು ಕೆಂಪು ಗೆರೆಯ ಅಂಚಿಗೆ ಬಂದು, ಏನೋ ಮನಸ್ಸು ಮಾಡಿ, ಅಲ್ಲೇ ನಿಂತಿತು.

ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಮಂಟಪದ ಬಾಗಿಲಲ್ಲಿ ವಧುವಿನ ಚಿಕ್ಕಪ್ಪ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಏನ್ರಿ ಅಕ್ಕಾರ, ಹೊಳ್ಯಾಗ ಈಸಿ ಬಂದ್ರೇನು?" ಅಕ್ಕ ನಕ್ಕಳು, ಮುಖ ತೊಳೆದಳು, ಹಂಚು ಕಾಯಿಸಿದಳು. ಅಂದು ಅವಳ ಕೈ ನಿಂತದ್ದನ್ನು ನಾನು ನೋಡಲಿಲ್ಲ. ಎಣ್ಣೆಗಾಯಿ ಪಲ್ಯ ಖಾಲಿಯಾದ ಮೇಲೂ ಬರೀ ಶೇಂಗಾ ಚಟ್ನಿಗೆ ರೊಟ್ಟಿ ಕೇಳುವವರಿದ್ದರು. ಯಾರ ಕೈಯಡುಗೆ ಎಂದು ಎಲ್ಲರೂ ಕೇಳುತ್ತಿದ್ದಾರೆಂದು ಚಿಕ್ಕಪ್ಪನವರೇ ಗಾಡಿಯ ಮುಂದಿದ್ದ ಬೋರ್ಡು ಬಿಚ್ಚಿಸಿ ಊಟದ ಸಾಲಿನ ಎದುರಿಗೆ ನಿಲ್ಲಿಸಿದರು. ಸಂಜೆಯೊಳಗೆ ಇನ್ನೆರಡು ಮದುವೆಯ ಮಾತು ಬಂತು. ಅಕ್ಕ ಕ್ಯಾಂಟೀನಿನ ಹೆಸರೆತ್ತಲಿಲ್ಲ.

ವಾಪಸು ಬರುವಾಗಲೂ ಏರು ಇದ್ದೇ ಇದೆ. ನಾನು ಹೀಟರಿನ ಮೇಲೆ ಕೈ ಇಟ್ಟುಕೊಂಡೇ ಹತ್ತಿದೆ. ಮುಳ್ಳು ಅರ್ಧಕ್ಕೆ ಬಂದು ನಿಂತದ್ದು ಮತ್ತೆ ಅಲುಗಲಿಲ್ಲ. ಏರಿನ ತುದಿಯ ಸುರಂಗ ದಾಟಿದ ಮೇಲೆ ಗಾಡಿ ನಿಲ್ಲಿಸಿ ಬರೆದುಕೊಂಡೆ: 'ಹೊಸ ಫ್ಯಾನ್ ಯಶಸ್ವಿ. ಬಹುಶಃ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕಿತ್ತು.' ಅಕ್ಕನಿಗೂ ಓದಿ ಹೇಳಿದೆ. ಅವಳು ನಿದ್ದೆಗಣ್ಣಿನಲ್ಲಿ ಹೂಂ ಅಂದಳು. ಮನೆ ಮುಟ್ಟಿ, ಇಳಿದು, ಗಾಡಿಯ ಮುಂದೆ ನಿಂತು ಕೈ ಮುಗಿಯಲು ಹೋದವಳು ಹಾಗೇ ನಿಂತಳು.

"ಏ ಗುರ್ಯಾ. ದೇವೀನ ಮದವೀ ಮನ್ಯಾಗ ಬಿಟ್ಟು ಬಂದೀವಲ್ಲೋ!"

ನಾನು ಜಾಲರಿಯ ಕಡೆ ನೋಡಿದೆ. ಜಾಲರಿಯಲ್ಲಿ ಎಷ್ಟೊಂದು ಕಿಂಡಿಗಳಿದ್ದವು! ಅವನ್ನು ನೋಡಿಯೇ ಬಹಳ ದಿನವಾಗಿತ್ತು. ಗಾಳಿ ಒಳಗೆ ಬರುವ ಬಾಗಿಲಿಗೆ ಬೋರ್ಡು ಹೊದಿಸಿ, ಗಾಳಿ ಸಾಲದೆಂದು ಒಳಗೆ ಒಂಬತ್ತು ರೆಕ್ಕೆ ಕೂರಿಸಿದ್ದೆ.

ಆದರೂ ಅಳೆಯುವವನು ಆತುರಪಡಬಾರದು. ವಾಪಸು ಬರುವಾಗ ಬೋರ್ಡು ಇರಲಿಲ್ಲ, ನಿಜ. ಹಿಟ್ಟೂ ಖಾಲಿ, ನೀರೂ ಖಾಲಿ, ಹೊತ್ತೂ ತಂಪು, ಏರೂ ಬೇರೆ ಕಡೆಯದು. ಇಷ್ಟೆಲ್ಲ ಒಟ್ಟಿಗೆ ಬದಲಾದಾಗ ಒಂದರ ಮೇಲೆ ಅಪವಾದ ಹೊರಿಸುವುದು ಸರಿಯಲ್ಲ. ಶಿಂದೆ ಮಾಮಾನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು "ಫ್ಯಾನ್ ಚಾಂಗ್ಲಾಚ್ ಆಹೇ," ಫ್ಯಾನ್ ಏನೋ ಒಳ್ಳೆಯದೇ, ಎಂದು ಫೋನ್ ಇಟ್ಟ. ಅಕ್ಕನ ಅಭಿಪ್ರಾಯ ಮೂರನೆಯದು: ನಮ್ಮ ಕೆಲಸ ಮುಗಿಯುವ ತನಕ ದೇವಿ ಜೊತೆಗಿದ್ದು, ಮುಗಿದ ಮೇಲೆ ಹಾದಿ ಬಿಟ್ಟಳು.

ಚಿಕ್ಕಪ್ಪನವರು ಬೋರ್ಡನ್ನು ಕಳಿಸಿಕೊಟ್ಟಿದ್ದಾರೆ. ಅದೀಗ ನಮ್ಮ ಹೊಸ್ತಿಲ ಪಕ್ಕ ಗೋಡೆಗೆ ಒರಗಿ ನಿಂತಿದೆ. ಅದನ್ನು ಮತ್ತೆ ಕಟ್ಟಿ, ಅಷ್ಟೇ ಭಾರ ಹೇರಿ, ಅದೇ ಹೊತ್ತಿಗೆ ಒಮ್ಮೆ ಕಾತ್ರಜ್ ಹತ್ತಿ, ಬಿಚ್ಚಿ ಇನ್ನೊಮ್ಮೆ ಹತ್ತಿದರೆ ಸತ್ಯ ತಿಳಿಯುತ್ತದೆ. ಅದು ಕಾರ್ಖಾನೆಯಲ್ಲಿ ನಾನು ದಿನಾ ಮಾಡುವ ಕೆಲಸವೇ. ಮೂರು ಭಾನುವಾರ ಕಳೆದವು. ಒಂದು ವಾರ ತಲೆನೋವು, ಒಂದು ವಾರ ತಂತಿ ಸಿಗಲಿಲ್ಲ, ಈ ವಾರ ಮೋಡ. ಅಕ್ಕ ದಿನಾ ಬೋರ್ಡಿಗೆ ಹೂ ಏರಿಸಿ, ನನ್ನನ್ನು ನೋಡಿ ಒಳಗೆ ಹೋಗುತ್ತಾಳೆ.

ಆದ್ದರಿಂದ ಭಾರ ಎಳೆಯುವ ಗಾಡಿ, ರೇಡಿಯೇಟರ್, ಫ್ಯಾನ್ ಇವುಗಳ ಬಗ್ಗೆ ನನಗಿಂತ ಹೆಚ್ಚು ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕು. ಎಲ್ಲ ಅಭಿಪ್ರಾಯಗಳಿಗೂ ಸ್ವಾಗತ. ಫ್ಯಾನಿನ ಪರವಾಗಿ ಇರುವವನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಉಳಿದವನ್ನು ನಾನೊಬ್ಬನೇ ಓದಿಕೊಳ್ಳುತ್ತೇನೆ.