ಮಾವನನ್ನು ತುಂಡು ಮಾಡಿದ ಸಿದ್ಧಾಂತ

ಕಂಪ್ಯೂಟರ್ ಬಂದ ಮೇಲೆ ನಮ್ಮ ಮಾವನ ತಲೆ ಕೆಟ್ಟಿತು ಎಂದು ನಂಜನಗೂಡಿನ ನೆಂಟರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಾಕ್ಷ್ಯ ನೋಡಿದರೆ ಕೆಟ್ಟದ್ದು ಕಂಪ್ಯೂಟರಿನ ತಲೆ. ಮಾವ ಮುಟ್ಟುವ ಮುಂಚೆ ಅದು ಕೂಡುತ್ತಾ ಕಳೆಯುತ್ತಾ ಮರ್ಯಾದೆಯಾಗಿ ಬದುಕಿಕೊಂಡಿತ್ತು.

ಮಾವ ಎಂದರೆ ಅತ್ತೆಯ ಗಂಡ, ನಿವೃತ್ತ ಗಣಿತದ ಮೇಷ್ಟ್ರು. ಜಗತ್ತಿನಲ್ಲಿ ಏನೇನಿದೆ, ಯಾವುದಕ್ಕೆ ಯಾವುದು ಸಂಬಂಧ ಎಂದು ಯಂತ್ರಕ್ಕೂ ತಿಳಿಯುವಂತೆ ಕಟ್ಟುನಿಟ್ಟಾಗಿ ಬರೆಯುವ ಆಂಟಾಲಜಿ ಎಂಬ ಶಾಸ್ತ್ರದ ಹುಚ್ಚು ಅವರಿಗೆ. ಮನೆಯ ಸಾಮಾನುಗಳಿಂದಲೇ ಶುರು ಮಾಡಿದರು. ಕೈಕೊಟ್ಟದ್ದು ಕಾಲ. ‘ಬಾಳೆಗೊನೆ ಹಸಿರು’ ಎಂದು ಸೋಮವಾರ ಬರೆದ ಸತ್ಯ ಗುರುವಾರದ ಹೊತ್ತಿಗೆ ಹಳದಿಯಾಯಿತು! ವಸ್ತು ಅದೇ, ಗುಣ ಮಾತ್ರ ಬದಲು ಎನ್ನುವುದು ಒಂದು ಪಕ್ಷ. ವಸ್ತು ಕಾಲದುದ್ದಕ್ಕೂ ಚಾಚಿಕೊಂಡಿದೆ, ನಾವು ನೋಡುವುದು ಆಯಾ ಹೊತ್ತಿನ ತುಂಡನ್ನಷ್ಟೇ ಎನ್ನುವುದು ಇನ್ನೊಂದು. ಮಾವ ಎರಡನೆಯದಕ್ಕೆ ಸೇರಿದರು, ಅತ್ತೆಯನ್ನು ಕೇಳದೆ.

“ತರಕಾರಿ ತರ್ತೀನಿ ಅಂದಿದ್ರಲ್ಲ?”

“ಅದು ನಿನ್ನೆಯ ತುಂಡು ಹೇಳಿದ್ದು ಕಣೇ.”

“ಸರಿ. ಹಂಗಾದ್ರೆ ಸಾರನ್ನೂ ನಿನ್ನೆಯ ತುಂಡಿಗೇ ಬಡಿಸ್ತೀನಿ, ಏಳಿ ಮೇಲೆ.”

ಮೈಸೂರಿನ ಬಸ್ಸಿನಲ್ಲಿ ಕಂಡಕ್ಟರು ಹಿರಿಯ ನಾಗರಿಕರ ಕಾರ್ಡು ನೋಡಿ, “ಈ ಫೋಟೋದಾಗಿರೋರು ನೀವೇನಾ ಸಾ?” ಎಂದ. ಬೇರೆ ಯಾರಾದರೂ ಹೌದೆಂದು ಸುಮ್ಮನಾಗುತ್ತಿದ್ದರು. ಮಾವನಿಗೆ ಖುಷಿಯೋ ಖುಷಿ. “ಅಲ್ಲಪ್ಪ, ಅದು ಹಿಂದಿನ ತುಂಡು.”

“ಅಂಗಾರೆ ರಿಯಾಯಿತಿ ಆ ತುಂಡಿಗೇ ಕೊಡ್ತೀನಿ ಬುಡಿ. ನೀವು ಫುಲ್ ಟಿಕೆಟ್ ತಗಳಿ.”

ಮಾವ ಸಂತೋಷದಿಂದ ತೆಗೆದುಕೊಂಡರು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಇಂಥ ವಾದದಲ್ಲಿ ಬಿರುಕು ಹುಡುಕುವುದೇ ಕಸುಬು. ಅದು ಸಿಕ್ಕಿದ್ದು ಟಿ. ನರಸೀಪುರದಿಂದ ಫೋನ್ ಬಂದ ದಿನ. ಅಲ್ಲಿ ಮಾವನ ಅಣ್ಣ ಹಾಸಿಗೆ ಹಿಡಿದಿದ್ದರು, ತಮ್ಮನನ್ನು ನೋಡಬೇಕೆನ್ನುತ್ತಿದ್ದರು. ತಾಯಿ ತೀರಿಕೊಂಡಾಗ, ತಮ್ಮ ಬಸ್ಸು ಹಿಡಿದು ಬರುವ ತನಕ ಕಾಯದೆ ಈ ಅಣ್ಣ ಮಣ್ಣು ಮಾಡಿಸಿಬಿಟ್ಟಿದ್ದರು. ಮಾವನಿಗೆ ಅಮ್ಮನ ಮುಖ ನೋಡಲು ಸಿಗಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

“ನಾನು ಹೋಗಲ್ಲ” ಎಂದರು ಮಾವ.

“ಅವತ್ತು ಕಾಯದೇ ಇದ್ದಿದ್ದು ಆ ಹೊತ್ತಿನ ತುಂಡು ಮಾವ. ಈಗ ಮಲಗಿರೋದು ಬೇರೆ ತುಂಡು. ಅದರ ಮೇಲೆ ನಿಮಗ್ಯಾಕೆ ಕೋಪ? ನಿಮ್ಮದೇ ಸಿದ್ಧಾಂತ ಅಲ್ವಾ?”

ಗೆದ್ದೆ ಎಂದುಕೊಂಡೆ. ಮಾವ ಕಂಪ್ಯೂಟರಿನಿಂದ ನನ್ನ ಕಡೆಗೆ ತಿರುಗಿದರು.

“ಅಣ್ಣನ್ನ ತುಂಡು ಮಾಡೋಕೆ ಎಷ್ಟು ಸಲ ಕೂತಿದೀನಿ ಗೊತ್ತೇನೋ? ಮಣ್ಣು ಮಾಡಿಸಿದೋನ್ನ ಬೇರೆ ಇಟ್ರೆ, ಹೆಗಲ ಮೇಲೆ ಕೂರಿಸ್ಕೊಂಡು ನನ್ನ ಹೊಳೆ ದಾಟಿಸಿದೋನೂ ಬೇರೆ ಆಗೋಗ್ತಾನೆ. ಅದು ನನ್ ಕೈಲಾಗಲ್ಲ ಕಣೋ.”

ಅತ್ತೆ ಇಸ್ತ್ರಿ ಮಾಡಿದ ಶರ್ಟು ತಂದುಕೊಟ್ಟರು. ಮಾವ ಹಾಕಿಕೊಂಡರು.

ಮಧ್ಯಾಹ್ನ ಮಾವ, ನಾನು ಇಬ್ಬರೂ ನರಸೀಪುರ ತಲುಪಿದೆವು. ಬಾಗಿಲಲ್ಲಿ ತಮ್ಮನನ್ನು ಕಂಡ ಅಣ್ಣ, “ಬಂದ್ಯೇನ್ಲಾ?” ಎಂದು ಮಂಚದಲ್ಲಿ ಕಷ್ಟಪಟ್ಟು ಒಂದು ಬದಿಗೆ ಸರಿದು ಜಾಗ ಮಾಡಿದರು. ಮಾವ ಕೂತರು. ಅಣ್ಣನ ಒಣಗಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಕೇಳಿದರು:

“ಅಣ್ಣಾ, ಅವತ್ತು ಇನ್ನೊಂದು ಬಸ್ಸು ಬರೋ ತಂಕ ಕಾಯೋಕಾಗ್ಲಿಲ್ವಾ?”