ಸ್ಟೇಷನ್ನಿಂದ ಫೋನ್ ಬಂದಿತ್ತು

ತಿಂಗಳಿಗೊಮ್ಮೆಯಾದರೂ ಯಾರೋ ಒಬ್ಬ ಫೋನ್ ಮಾಡಿ ನನ್ನನ್ನು ಅರೆಸ್ಟ್ ಮಾಡುತ್ತಾನೆ. ನನ್ನ ಹೆಸರಿಗೆ ಯಾವುದೋ ಪಾರ್ಸೆಲ್ ಬಂದಿದೆಯಂತೆ, ಅದರಲ್ಲಿ ಏನೇನೋ ಸಿಕ್ಕಿದೆಯಂತೆ, ನಾನು ಬಾಗಿಲು ಹಾಕಿಕೊಂಡು ಕ್ಯಾಮೆರಾ ಮುಂದೆ ಅಲ್ಲಾಡದೆ ಕೂತಿರಬೇಕಂತೆ. ಮಂಡಿ ನೋವಿನ ಮುದುಕಿಗೆ ಕೂತಿರು ಅನ್ನುವುದು ಅದ್ಯಾವ ಸೀಮೆಯ ಶಿಕ್ಷೆಯೋ! ಸೊಸೆ ಗಾಬರಿಯಾಗುತ್ತಾಳೆ, ನಾನು ಆಗುವುದಿಲ್ಲ. ಈ ವಿಷಯದಲ್ಲಿ ನನ್ನ ತರಬೇತಿ ಎಪ್ಪತ್ತರ ದಶಕದಲ್ಲೇ, ಆರ್.ಟಿ. ನಗರದ ನಮ್ಮ ಬೀದಿಯಲ್ಲೇ ಮುಗಿದುಹೋಗಿದೆ. ಕಲಿಸಿದವರು ನಮ್ಮತ್ತೆ.

೧. ಪಕ್ಕದ್ಮನೆ ಪೋನು

ನಾನು ಮದುವೆಯಾಗಿ ಬಂದಾಗ ಆ ಬೀದಿಗೆಲ್ಲ ಇದ್ದದ್ದು ಒಂದೇ ಫೋನು, ಅದು ನಮ್ಮ ಮನೆಯಲ್ಲಿ. ನಮ್ಮ ಯಜಮಾನರು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದರು. ತುರ್ತು ಬಂದರೆ ಕರೆಯಲು ಬೇಕು ಅಂತ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು ಪಡೆದದ್ದು. ಯಜಮಾನರಿಗೆ ಅದರಲ್ಲಿ ತುರ್ತು ಕರೆ ಬಂದದ್ದು ನನಗೆ ನೆನಪಿಲ್ಲ. ಬೀದಿಯವರಿಗೆ ಮಾತ್ರ ದಿನಾ ಬರುತ್ತಿತ್ತು.

ಆಗ ಫೋನಿಲ್ಲದವರು ಪಕ್ಕದ ಮನೆಯ ನಂಬರನ್ನೇ ತಮ್ಮದು ಅಂತ ಕೊಟ್ಟು, ಮುಂದೆ ಪಿ.ಪಿ. ಅಂತ ಬರೆಯುತ್ತಿದ್ದರು. ಫೋನು ಬಂದರೆ ನಾವು ಹೋಗಿ ಅವರನ್ನು ಕರೆದು ತರಬೇಕು. ಲಗ್ನಪತ್ರಿಕೆಯ ಮೇಲೆ ನಮ್ಮ ನಂಬರು, ಟ್ಯೂಷನ್ ಬೋರ್ಡಿನ ಮೇಲೆ ನಮ್ಮ ನಂಬರು. ಪಕ್ಕದ ಮನೆಯ ಮೆಕ್ಯಾನಿಕ್ ಸಾಬರಂತೂ ಯಲಹಂಕದ ತಮ್ಮ ವರ್ಕ್‌ಶಾಪಿನ ಬೋರ್ಡಿನ ಮೇಲೆ ಅದನ್ನು ಕೆಂಪು ಪೇಂಟಿನಲ್ಲಿ, ಅವರ ಹೆಸರಿಗಿಂತ ದೊಡ್ಡದಾಗಿ ಬರೆಸಿದ್ದರು. ಬಸ್ಸಿನಲ್ಲಿ ಹೋಗುವವರೂ ಓದಬಹುದಾಗಿತ್ತು.

ಕರೆಯಲು ಓಡುವ ಕೆಲಸ ನನ್ನದು, ಫೋನು ಎತ್ತುವ ಅಧಿಕಾರ ಅತ್ತೆಯದು. ಅವರು 'ಹಲೋ' ಅನ್ನುತ್ತಿರಲಿಲ್ಲ. "ಯಾರು? ಯಾರ ಪೈಕಿ? ಎಲ್ಲಿಂದ?" ಅಂತ ಶುರು ಮಾಡಿ, ಆ ಕಡೆಯವರ ಊರು, ಮಕ್ಕಳು, ಆರೋಗ್ಯ ಎಲ್ಲ ತಿಳಿದ ಮೇಲೆ "ಯಾರನ್ನ ಕರೀಬೇಕು?" ಅನ್ನುವರು.

ಒಮ್ಮೆ ನಾನು ಸಿಟ್ಟಿನಲ್ಲಿ, "ಅತ್ತೆ, ಈ ಪಿ.ಪಿ. ಅಂದ್ರೆ ಏನು ಗೊತ್ತಾ?" ಅಂದೆ.

"ಗೊತ್ತಿಲ್ದೆ ಏನು? ಪಕ್ಕದ್ಮನೆ ಪೋನು."

ಅದಕ್ಕಿಂತ ಸರಿಯಾದ ಅರ್ಥವನ್ನು ನನಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ.

೨. ಅರಸೀಕೆರೆ ಪ್ಯಾಸೆಂಜರ್

ಮೊದಲ ಕಳ್ಳ ಫೋನು ಬಂದದ್ದು ಒಂದು ಮಧ್ಯಾಹ್ನ. ಅತ್ತೆ ಎತ್ತಿದರು. ಗಂಡಸಿನ ಗಡಸು ಗಂಟಲು ನನಗೂ ಕೇಳಿಸುತ್ತಿತ್ತು.

"ಯಶವಂತಪುರ ಸ್ಟೇಷನ್ನಿಂದ ಮಾತಾಡ್ತಿರೋದು."

ಅತ್ತೆಯ ಮುಖ ಅರಳಿತು. ಅವರ ತಮ್ಮ ಆವತ್ತು ಸಂಜೆ ಅರಸೀಕೆರೆಯಿಂದ ಬರುವವರಿದ್ದರು. "ಅಯ್ಯೋ, ಒಳ್ಳೇದಾಯ್ತು ನೀವೇ ಮಾಡಿದ್ದು! ಅರಸೀಕೆರೆ ಪ್ಯಾಸೆಂಜರ್ ಎಷ್ಟೊತ್ತಿಗಪ್ಪ?"

"ಅಮ್ಮಾ, ನಾನು ಇನ್ಸ್‌ಪೆಕ್ಟರ್ರು!"

"ಟಿಕೆಟ್ ಇನ್ಸ್‌ಪೆಕ್ಟರ್ರಾ? ನನ್ನ ತಮ್ಮ ಟಿಕೆಟ್ ತಗೊಂಡೇ ಬರೋದು, ಆ ಯೋಚನೆ ಬೇಡ ನಿಮಗೆ."

"ನಿಮ್ಮ ಮಗನ ಮೇಲೆ ಕಂಪ್ಲೇಂಟ್ ಬಂದಿದೆ, ಜೈಲಿಗೆ ಹೋಗ್ಬೇಕಾಗುತ್ತೆ!"

"ಅವನು ಎಲ್ಲಿಗಾದ್ರೂ ಹೋಗ್ಲಿ, ಆ ಮೇಲೆ ನೋಡೋಣ. ಮೊದಲು ಗಾಡಿ ಲೇಟಾ, ಟೈಮಿಗೆ ಬರುತ್ತಾ ಹೇಳಿ."

ಜೈಲಿಗೆ ಹೋಗಲಿರುವ ಮಗನಿಗಿಂತ ರೈಲಿನಲ್ಲಿ ಬರಲಿರುವ ತಮ್ಮ ಹೆಚ್ಚು. ಅತ್ತೆಯ ಲೆಕ್ಕದಲ್ಲಿ ತವರುಮನೆ ಯಾವಾಗಲೂ ಹಾಗೇ. ಆ ಕಡೆಯವನು ಇನ್ನೆರಡು ಸಲ ಗದರಿ ನೋಡಿದ, ಅತ್ತೆ ಇನ್ನೆರಡು ಸಲ ಗಾಡಿ ಕೇಳಿದರು. ಕೊನೆಗೆ ಅವನು ಸೋತ ದನಿಯಲ್ಲಿ "ಒಂದು ಗಂಟೆ ಲೇಟು ಕಣಮ್ಮ" ಅಂತ ಹೇಳಿ ಇಟ್ಟುಬಿಟ್ಟ.

ಗಾಡಿ ಸರಿಯಾಗಿ ಒಂದು ಗಂಟೆ ಲೇಟಾಗಿ ಬಂತು. ನಮಗೆ ಬಂದ ಕಳ್ಳ ಫೋನುಗಳಲ್ಲೇ ನಿಜ ಹೇಳಿದ್ದು ಅದೊಂದೇ.

೩. ಬಾರದ ಸಮನ್ಸು

ಎದುರು ಮನೆಯಲ್ಲಿ ಒಬ್ಬ ಶಿರಸ್ತೇದಾರರಿದ್ದರು. ಆಯುಷ್ಯವೆಲ್ಲ ಕೋರ್ಟಿನ ಕಾಗದಪತ್ರ ನೋಡಿಕೊಂಡು ರಿಟೈರಾದವರು. ರಿಟೈರಾದ ಮೇಲೆ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹಾಲಿನವನಿಗೂ "ಅರ್ಜಿ ಬರೆದು ಕೊಡು" ಅನ್ನುವ ಸ್ಥಿತಿಗೆ ಬಂದಿದ್ದರು, ಪಾಪ.

ಅವರಿಗೂ ಒಂದು ದಿನ ನಮ್ಮ ಮನೆಗೆ ಫೋನು ಬಂತು. ನಾನು ಓಡಿಹೋಗಿ ಕರೆದೆ. "ಪೊಲೀಸ್ ಸ್ಟೇಷನ್ನಿಂದಂತೆ" ಅಂದೆ. ಅವರ ಹೆಂಡತಿ ಅಲ್ಲೇ ಗೋಡೆ ಹಿಡಿದುಕೊಂಡರು. ಶಿರಸ್ತೇದಾರರು ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದರು.

"ನಿಮ್ಮ ಮೇಲೆ ಕೇಸಾಗಿದೆ" ಅಂದ ಆ ಕಡೆಯವನು.

"ಸಂತೋಷ. ಯಾವ ಸೆಕ್ಷನ್ನು?"

ಆ ಕಡೆಯವನು ಬರೀ ಕೆಮ್ಮಿದ.

"ಫಿರ್ಯಾದಿ ಯಾರು? ಕ್ರೈಂ ನಂಬರ್ ಏನು? ಫೋನಿನಲ್ಲಿ ಹೇಳಿದ್ದು ನಡೆಯೋದಿಲ್ಲಪ್ಪ. ಸಮನ್ಸು ಕೊಡಿ. ತಗೊಳ್ಳೋಕೆ ನಾನಿಲ್ದಿದ್ರೆ ಬಾಗಿಲಿಗೆ ಅಂಟಿಸಿ. ನಾನೆಲ್ಲೂ ಹೋಗೋದಿಲ್ಲ, ಇಲ್ಲೇ ಇರ್ತೀನಿ."

ಅವನು ಫೋನು ಇಟ್ಟದ್ದು ಗೊತ್ತಾಗದೆ ಇವರು ಇನ್ನೂ ಐದು ನಿಮಿಷ ಕಾನೂನು ಹೇಳಿದರು. ಆಮೇಲೆ ಮೂರು ದಿನ ಕೋಟು ಹಾಕಿಕೊಂಡು ಜಗಲಿಯ ಮೇಲೆ ಕೂತರು. ಹೆಂಡತಿ ತಮ್ಮಂದಿರಿಗೆಲ್ಲ ಹೇಳಿ ಕಳಿಸಿ, ಮನೆದೇವರಿಗೆ ಹರಕೆ ಹೊತ್ತರು. ನಾಲ್ಕನೆಯ ದಿನ ಶಿರಸ್ತೇದಾರರು ಕೋಟು ತೆಗೆದಿಟ್ಟು ನನ್ನನ್ನು ಕೂಗಿದರು.

"ನೋಡಮ್ಮ, ಆ ಮನುಷ್ಯ ಮತ್ತೆ ಫೋನ್ ಮಾಡಿದ್ರೆ, ನನಗೇನೂ ಬೇಜಾರಿಲ್ಲ ಅಂತ ಹೇಳು. ಹೊಸ ಕೇಸೇ ಹಾಕ್ಲಿ ಬೇಕಾದ್ರೆ."

೪. ನಾನೀಮಾರ ರೇಡಿಯೋ

ಇಲ್ಲಿಯವರೆಗೆ ನಕ್ಕದ್ದಾಯಿತು. ಈಗ ಹೇಳುವುದಕ್ಕೆ ಆವತ್ತು ಯಾರೂ ನಗಲಿಲ್ಲ.

ಮೆಕ್ಯಾನಿಕ್ ಸಾಬರ ತಾಯಿಗೆ ಎರಡೂ ಕಣ್ಣು ಹೋಗಿದ್ದವು. ಬೀದಿಗೆಲ್ಲ ಅವರು ನಾನೀಮಾ. ಹಗಲೆಲ್ಲ ಬಾಗಿಲ ಹತ್ತಿರದ ಮಂಚದ ಮೇಲೆ ಕೂತು, ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡು ಕೇಳುತ್ತಿದ್ದರು. ಉರ್ದು ಹಾಡು ಮಾತ್ರವಲ್ಲ, ಕನ್ನಡ ವಾರ್ತೆ, ರೈತರ ಕಾರ್ಯಕ್ರಮ, ಮಾರುಕಟ್ಟೆ ಧಾರಣೆ, ಏನು ಬಂದರೂ. ವಾರ್ತೆ ಓದುವವರಿಗೆ ನೆಗಡಿಯಾದರೆ ಬೀದಿಯಲ್ಲಿ ಮೊದಲು ತಿಳಿಯುತ್ತಿದ್ದದ್ದು ಅವರಿಗೆ.

ಆಗ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಒಂದು ಸಣ್ಣ ಪುಸ್ತಕ, ವರ್ಷಾ ವರ್ಷಾ ಪೋಸ್ಟಾಫೀಸಿಗೆ ಹೋಗಿ ಅದನ್ನು ರಿನ್ಯೂ ಮಾಡಿಸಬೇಕು. ನಮ್ಮ ಬೀದಿಯಲ್ಲಿ ಅದನ್ನು ನೆನಪಿಟ್ಟುಕೊಂಡವರು ಶಿರಸ್ತೇದಾರರೊಬ್ಬರೇ. ಅವರ ಮನೆಯಲ್ಲಿ ರೇಡಿಯೋ ಕೆಟ್ಟು ಎಷ್ಟೋ ಕಾಲವಾಗಿತ್ತು.

ಒಂದು ಬೆಳಿಗ್ಗೆ ಫೋನು. "ಪೊಲೀಸ್ ಸ್ಟೇಷನ್ನಿನ ಇನ್ಸ್‌ಪೆಕ್ಟರ್ರು. ಯಲಹಂಕದಲ್ಲಿ ವರ್ಕ್‌ಶಾಪು ಇಟ್ಟಿರೋರ ಮನೇಲಿ ಲೈಸೆನ್ಸ್ ಇಲ್ದೆ ರೇಡಿಯೋ ಮಡಗವ್ರೆ. ಕರೀರಿ ಅವರನ್ನ."

ಸಾಬರು ಕೆಲಸಕ್ಕೆ ಹೋಗಿದ್ದರು. ನಾನು ಹೋಗಿ ಅವರ ಹೆಂಡತಿಗೆ ಹೇಳಿದೆ. ಆಕೆ ಒಳಗೆ ಓಡಿ ನಾನೀಮಾರಿಗೆ ಕೂಗಿ ಹೇಳಿದಳು: "ಅಮ್ಮೀ, ಪೊಲೀಸ್ ಫೋನ್ ಕರೇ ಕತೆ! ರೇಡಿಯೋ ಲೇಕೆ ಜಾತೇ ಕತೆ!"

ಅವರ ದಖನಿ ಮಾತಿನಲ್ಲಿ 'ಕತೆ' ಅಂದರೆ ನಮ್ಮ 'ಅಂತೆ'. ಪೊಲೀಸರು ಫೋನ್ ಮಾಡಿದ್ದಾರಂತೆ, ರೇಡಿಯೋ ತಗೊಂಡು ಹೋಗ್ತಾರಂತೆ, ಅಷ್ಟೇ. ಆದರೆ ನಮ್ಮತ್ತೆ ಕಿಟಕಿಯಿಂದ ಕೇಳಿಸಿಕೊಂಡು ತೀರ್ಮಾನ ಮಾಡಿಬಿಟ್ಟರು. "ಅವಳೇ ಕತೆ ಕತೆ ಅಂತಿದ್ದಾಳೆ. ಎಲ್ಲಾ ಬರೀ ಕತೆ ಅಂತ ಅವಳಿಗೂ ಗೊತ್ತು. ನೀನ್ಯಾಕೆ ಹೆದರ್ತೀಯ?"

ಲೈಸೆನ್ಸ್ ಪುಸ್ತಕ ಯಾರ ಹೆಸರಿನಲ್ಲಿದೆ ಅಂತ ಫೋನಿನವನು ಕೇಳಿದ, ನಾನೀಮಾರ ಹೆಸರಿನಲ್ಲಿ ಅಂದೆವು. ಹಾಗಾಗಿ ಅವರೇ ಬರಬೇಕೆಂದ ಇನ್ಸ್‌ಪೆಕ್ಟರ್. ನಾನೂ ಅವರ ಸೊಸೆಯೂ ಎರಡು ಕೈ ಹಿಡಿದು, ಮೋರಿ ದಾಟಿಸಿ, ಮೆಟ್ಟಿಲು ಹತ್ತಿಸಿ ಕರೆತರುವಷ್ಟರಲ್ಲಿ ಅರ್ಧ ಗಂಟೆ. ಅಷ್ಟು ಹೊತ್ತೂ ಅತ್ತೆ ಫೋನು ಇಡದೆ ಅವನ ಊಟ ತಿಂಡಿ ವಿಚಾರಿಸುತ್ತಾ, ಅವನು ಕೇಳಿದ್ದಕ್ಕೆ ಮನೆಯ ಗುರುತನ್ನೂ ಹೇಳುತ್ತಿದ್ದರು.

ನಾನೀಮಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಸಾಹೇಬ್ರೇ, ನಂಗೆ ಕಣ್ಣಿಲ್ಲ. ರೇಡಿಯೋ ಹೋದ್ರೆ ಬೆಳಗಾಗಿದ್ದು ಸಹಾ ನಂಗೆ ಗೊತ್ತಾಗಲ್ಲ."

"ಕಾನೂನು ಅಂದ್ರೆ ಇಂಗೇ ಕಣಮ್ಮ. ನಾಳೆ ಅನ್ನೊಂದು ಗಂಟೆಗೆ ಕಾನ್‌ಸ್ಟೇಬಲ್ ಬತ್ತಾನೆ. ಬಟ್ಟೇಲಿ ಸುತ್ತಿ ಕೊಟ್ಬುಡಿ. ಇಲ್ದಿದ್ರೆ ನಿಮ್ಮ ಮಗನ್ನ ಎತ್ತಾಕ್ಕೊಂಡು ಓಯ್ತೀವಿ."

ಆ ಸಂಜೆ ಸಾಬರು ಪುಸ್ತಕ ಹುಡುಕಿದರು. ಲೈಸೆನ್ಸ್ ಮುಗಿದದ್ದು ನಿಜವಾಗಿತ್ತು. ತಪ್ಪು ತಮ್ಮದೇ ಆದಾಗ ಯಾರನ್ನು ಏನು ಕೇಳುವುದು? ಕೊಟ್ಟುಬಿಡೋಣ ಅಂದರು. ಮಾರನೆಯ ಬೆಳಿಗ್ಗೆ ನಾನೀಮಾ ಎದ್ದಾಗಿನಿಂದ ರೇಡಿಯೋ ಆರಿಸಲೇ ಇಲ್ಲ. ಅದರ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ನನಗೆ ನೋಡಲಾಗಲಿಲ್ಲ, ಒಳಗೆ ಹೋಗಿ ಅತ್ತುಬಿಟ್ಟೆ.

ಅತ್ತೆ ಮಾತ್ರ ಸೀದಾ ಎದುರು ಮನೆಗೆ ನಡೆದರು. ಶಿರಸ್ತೇದಾರರು ಪೂರ್ತಿ ಕೇಳಿ ಕೋಟು ಹಾಕಿಕೊಂಡರು. "ಜಪ್ತಿ ಮಾಡ್ಲಿ, ಬೇಡ ಅನ್ನಲ್ಲ. ಆದ್ರೆ ಮಹಜರಿಲ್ಲದೆ ಒಂದು ಮೊಳೆ ಕೂಡ ಈ ಬೀದಿಯಿಂದ ಹೋಗಕೂಡದು."

೫. ಮಾಲಿನ ವಿವರ

ಹನ್ನೊಂದಕ್ಕೆ ಸರಿಯಾಗಿ ಖಾಕಿ ಪ್ಯಾಂಟಿನ ಮೇಲೆ ಬಿಳಿ ಅಂಗಿ ತೊಟ್ಟ ಒಬ್ಬ ಸೈಕಲ್ಲಿನಲ್ಲಿ ಬಂದ. ಸಾಬರ ಅಂಗಳದಲ್ಲಿ ಮೇಜು, ಕುರ್ಚಿ, ಶಾಯಿ, ಬಿಳಿ ಹಾಳೆ, ಐದು ಜನ ಪಂಚರು, ಕಾಫಿ ಎಲ್ಲ ಸಿದ್ಧವಾಗಿತ್ತು. ಅವನು ಇಷ್ಟು ಮರ್ಯಾದೆ ನಿರೀಕ್ಷಿಸಿರಲಿಲ್ಲ.

"ಮಹಜರು ಬರೀರಿ" ಅಂದರು ಶಿರಸ್ತೇದಾರರು.

ಅವನು ಮೇಲೆ ಕೆಳಗೆ ನೋಡಿದ. ಶಿರಸ್ತೇದಾರರೇ ಪೆನ್ನು ತೆಗೆದುಕೊಂಡರು. ಬರೆಯಲು ಕೂತರೆ ಅವರ ದನಿಯೇ ಬೇರೆ. ಆ ದನಿಯಲ್ಲಿ ಕೇಳಿದರೆ ಯಾರೇ ಆಗಲಿ ಉತ್ತರ ಕೊಟ್ಟುಬಿಡಬೇಕು.

"ಹೆಸರು?"

ಹೇಳಿದ.

"ಬಿನ್?"

ತಂದೆಯ ಹೆಸರು ಹೇಳಿದ.

"ವಾಸ?"

"ಅಬ್ಬಿಗೆರೆ, ಈಶ್ವರನ ಗುಡಿ ಹಿಂದ್ಗಡೆ" ಅಂತ ಅದನ್ನೂ ಹೇಳಿದ. ವಯಸ್ಸು, ಕಸುಬು ಎಲ್ಲ ಬಂತು. ಕಸುಬು ಕೇಳಿದಾಗ ಸ್ವಲ್ಪ ತಡೆದು 'ಪೊಲೀಸು' ಅಂದ. ಆಮೇಲೆ ಶಿರಸ್ತೇದಾರರು "ಮಾಲಿನ ವಿವರ: ರೇಡಿಯೋ ಒಂದು" ಅಂತ ಬರೆದು, ಕಂಪನಿ, ಬಣ್ಣ, ಗುಂಡಿಗಳ ಸಂಖ್ಯೆ, ಮೇಲಿನ ಗೀರು ಎಲ್ಲ ಒಂದೊಂದಾಗಿ ಕೇಳತೊಡಗಿದರು. ಅವನಿಗೆ ತಾಳ್ಮೆ ಕೆಟ್ಟಿತು.

"ಏನ್ಸಾಮಿ, ಇಂಗೆಲ್ಲಾ ಬರೀಬೇಕಾ?"

ಬಾಗಿಲ ಒಳಗಿನ ಮಂಚದಿಂದ ನಾನೀಮಾರ ದನಿ ಬಂತು. "ಅರೆ! ಇನ್ಸ್‌ಪೆಕ್ಟರ್ ಸಾಹೇಬ್ರು! ನೀವೇ ಬಂದ್ರಾ?"

ಸಾಬರು, "ಅಮ್ಮೀ, ಇವರು ಕಾನ್‌ಸ್ಟೇಬಲ್ಲು" ಅಂದರು.

"ಇಲ್ಲ ಬೇಟಾ. ಫೋನಲ್ಲಿ ಮಾತಾಡಿದ್ದು ಇವರೇ. 'ಇಂಗೇ ಕಣಮ್ಮ' ಅಂದ್ರಲ್ಲ, ಇದೇ ಗಂಟಲು. ನಂಗೆ ತಪ್ಪಲ್ಲ."

ಶಿರಸ್ತೇದಾರರು ಕನ್ನಡಕ ಮೇಲೆ ಸರಿಸಿ ಅವನನ್ನು ನೋಡಿದರು. "ನಿನ್ನೆ ಇನ್ಸ್‌ಪೆಕ್ಟರ್ರು, ಇವತ್ತು ಕಾನ್‌ಸ್ಟೇಬಲ್ಲು. ಒಂದೇ ದಿನದಲ್ಲಿ ಇಷ್ಟು ಕೆಳಗಿಳಿಸೋವಂಥ ತಪ್ಪು ಏನಪ್ಪ ಮಾಡ್ದೆ?"

ಅವನು ಮೇಜಿನ ಪಕ್ಕ ನುಗ್ಗಿ, ಕಾಂಪೌಂಡು ಹಾರಿ, ಹೆಬ್ಬಾಳದ ಕಡೆಗೆ ಓಡಿದ. ಸಾಬರು ಅಟ್ಟಿಸಿಕೊಂಡು ಹೋದರು, ಸಿಕ್ಕಲಿಲ್ಲ. ಅಂಗಳದಲ್ಲಿ ಉಳಿದದ್ದು ಅರ್ಧ ಕುಡಿದ ಕಾಫಿ, ಮತ್ತೆ ಸೈಕಲ್ಲು.

ಶಿರಸ್ತೇದಾರರು ಸ್ವಲ್ಪವೂ ಗಲಿಬಿಲಿಯಾಗಲಿಲ್ಲ. ಬರೆದ ಮಹಜರು ವ್ಯರ್ಥವಾಗಬಾರದು ನೋಡಿ. 'ರೇಡಿಯೋ ಒಂದು' ಅನ್ನುವುದನ್ನು ಹೊಡೆದು ಹಾಕಿ, ಮೇಲೆ 'ಸೈಕಲ್ಲು ಒಂದು' ಅಂತ ಬರೆದರು. ಐವರು ಪಂಚರು ಸಹಿ ಹಾಕಿದರು, ನಾನೀಮಾ ಹೆಬ್ಬೆಟ್ಟು ಒತ್ತಿದರು. ಸೈಕಲ್ಲನ್ನೂ ಮಹಜರನ್ನೂ ನಿಜವಾದ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬಂದರು. ಮಾರನೆಯ ದಿನವೇ ಬೀದಿಯವರೆಲ್ಲ ಲೈಸೆನ್ಸ್ ಪುಸ್ತಕ ಹಿಡಿದು ಪೋಸ್ಟಾಫೀಸಿನಲ್ಲಿ ಸಾಲು ನಿಂತೆವು.

ನಾನೀಮಾ ರೇಡಿಯೋದ ದನಿ ಜೋರು ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಪೊಲೀಸ್ ಕತೆ, ಪೊಲೀಸ್!" ಅಂದರು. ಪೊಲೀಸಂತೆ, ಪೊಲೀಸು!

"ನಾನು ಮೊದ್ಲೇ ಹೇಳಿದ್ನಲ್ಲ, ಬರೀ ಕತೆ ಅಂತ" ಅಂದರು ನಮ್ಮತ್ತೆ. ಇಬ್ಬರೂ ಬೇರೆ ಬೇರೆ ಮಾತನ್ನೇ ಆಡಿದರು, ಆದರೂ ಅವತ್ತು ಒಬ್ಬರಿಗೊಬ್ಬರು ಪೂರ್ತಿ ಅರ್ಥವಾದರು.

ಎರಡು ದಿನ ಬಿಟ್ಟು ಮತ್ತೆ ಫೋನು. ಅತ್ತೆ ಎತ್ತಿದರು. ಈ ಸಲ ಆ ಕಡೆಯ ಗಂಟಲು ಬಹಳ ಮೆತ್ತಗಿತ್ತು.

"ಅಮ್ಮಾ... ನಿಮ್ಮ ಪಕ್ಕದ್ಮನೇಲಿ ಒಂದು ಸೈಕಲ್ಲು ಬಿಟ್ಟೋಗಿತ್ತು. ನಂದಲ್ಲ ಕಣಮ್ಮ, ನಮ್ಮ ಭಾವುಂದು. ಮನೇಲಿ ಊಟ ಇಕ್ತಾ ಇಲ್ಲ. ಎಲ್ಲೈತೆ ಅದು?"

"ಅಯ್ಯೋ ಪಾಪ, ಸೈಕಲ್ಲಾ? ಭದ್ರವಾಗಿ ಸ್ಟೇಷನ್ನಲ್ಲಿದೆ, ಹೋಗಿ ತಗೊಳ್ಳಿ."

"ಯಾವ ಸ್ಟೇಷನ್ನಮ್ಮ?"

"ರೈಲು ಸ್ಟೇಷನ್ ಅಲ್ಲಪ್ಪ," ಅಂದರು ಅತ್ತೆ. "ನಿಮ್ಮದೇ ಸ್ಟೇಷನ್ನು, ಇನ್ಸ್‌ಪೆಕ್ಟರ್ ಸಾಹೇಬ್ರೇ!"